ಕಣ, ರಾಶಿ ಮತ್ತು ಮೋಲ್

ಅಣ್ಣನ ಮಗಳು ಈ ವರ್ಷ ಪಿಯುಸಿ ಮೊದಲ ವರ್ಷಕ್ಕೆ ವಿಜ್ಞಾನ ಸೇರಿದ್ದಾಳೆ. ಹತ್ತನೆಯ ತರಗತಿಯವರೆಗೆ ಓದಿದ್ದು ಕುಷ್ಟಗಿ ತಾಲ್ಲೂಕಿನ ನಮ್ಮೂರಿನ ಕನ್ನಡ ಶಾಲೆಯಲ್ಲಿ. ಕಾಲೇಜು ಶುರುವಾಗಿ ಮೂರು ವಾರಕ್ಕೆ ಫೋನ್ ಮಾಡಿ, “ಅತ್ತಿ, ಮೋಲ್ ಅಂದ್ರ ಏನು?” ಅಂದಳು. ನೀನು ಏನು ತಿಳಿದುಕೊಂಡಿದ್ದೀ, ಮೊದಲು ಅದನ್ನು ಹೇಳು ಎಂದೆ. ಇಂಗ್ಲಿಷಿನ ವ್ಯಾಖ್ಯೆಯನ್ನು ಒಂದೇ ಉಸಿರಿಗೆ ಒಪ್ಪಿಸಿದಳು. 6.022 ಗುಣಿಲೆ ಹತ್ತರ ಘಾತ 23 ಎಂಬುದೂ ಬಂತು. ಏನು ಅಷ್ಟು ಇರ್ತಾವ ಎಂದು ಕೇಳಿದರೆ ಸುಮ್ಮನಾದಳು.

ನಾನು ಸಂಶೋಧನೆ ಮಾಡುತ್ತಿರುವುದು ಕನ್ನಡದ ವಿಜ್ಞಾನ ಗದ್ಯದ ಬಗ್ಗೆ. ಆದರೂ ಅವಳಿಗೆ ಹೇಳಹೊರಟಾಗ ನನ್ನ ಬಾಯಿಗೆ ಬಂದದ್ದೂ ಪಠ್ಯಪುಸ್ತಕದ ವ್ಯಾಖ್ಯೆಯೇ, ಕನ್ನಡದ್ದು ಅಷ್ಟೇ. ಅದನ್ನು ಹೇಳಿ ಮುಗಿಸಿದ ಮೇಲೆ ನಾವಿಬ್ಬರೂ ಮೊದಲಿದ್ದಲ್ಲೇ ಇದ್ದೆವು. ಈ ಬರಹ ಆ ಫೋನಿನಿಂದ ಹುಟ್ಟಿತು.

ಐನೂರು ಪ್ರತಿ ಅಚ್ಚಾದ ಕವನ ಸಂಕಲನಕ್ಕೆ ನಮ್ಮಲ್ಲಿ ವಿಮರ್ಶೆ ಬರುತ್ತದೆ. ರಾಜ್ಯದ ಮೂಲೆಮೂಲೆಯ ಮಕ್ಕಳು ಸಾಲುಸಾಲಾಗಿ ಬಾಯಿಪಾಠ ಮಾಡುವ ವಿಜ್ಞಾನ ಪಠ್ಯದ ಗದ್ಯವನ್ನು ಗದ್ಯವೆಂದು ಓದುವವರಿಲ್ಲ. ಅದರಲ್ಲಿ ತಪ್ಪು ಮಾಹಿತಿ ಸೇರಿದರೆ ಸುದ್ದಿಯಾಗುತ್ತದೆ. ವಾಕ್ಯ ಕೆಟ್ಟಿದ್ದರೆ ಯಾರೂ ಕೇಳುವುದಿಲ್ಲ. ವಾಕ್ಯ ಕೆಟ್ಟರೆ ಮಗು ತನ್ನ ಬುದ್ಧಿಯೇ ಕಡಿಮೆ ಎಂದುಕೊಳ್ಳುತ್ತದೆ.

ಮೋಲ್ ವ್ಯಾಖ್ಯೆಯ ಕನ್ನಡ ಹೇಗಿರುತ್ತದೆ ನೋಡಿ. ಇದು ಯಾವ ಪುಸ್ತಕದಿಂದಲೂ ಎತ್ತಿದ ವಾಕ್ಯವಲ್ಲ, ನಮ್ಮ ಪಠ್ಯಗಳ ಜಾಡು ಹಿಡಿದು ನಾನೇ ಕಟ್ಟಿದ್ದು: ‘ಗ್ರಾಂಗಳಲ್ಲಿ ವ್ಯಕ್ತಪಡಿಸಿದ ಪರಮಾಣು ರಾಶಿ ಅಥವಾ ಅಣು ರಾಶಿಗೆ ಸಮನಾದ ರಾಶಿಯನ್ನು ಹೊಂದಿರುವ ಕಣಗಳ ಸಂಖ್ಯೆಯಲ್ಲಿರುವ ವಸ್ತುವಿನ ಪ್ರಮಾಣವನ್ನು ಒಂದು ಮೋಲ್ ಎಂದು ಕರೆಯಲಾಗುತ್ತದೆ.’ ಓದುವವರು ‘ಮೋಲ್’ ಎಂಬಲ್ಲಿಗೆ ತಲುಪುವ ಹೊತ್ತಿಗೆ ಎಲ್ಲಿಂದ ಹೊರಟಿದ್ದೆವೆಂಬುದು ಮರೆತಿರುತ್ತದೆ. ಇಂಗ್ಲಿಷಿನ ವ್ಯಾಖ್ಯೆಯಲ್ಲಿ ಹೆಸರು ಮೊದಲು ಬರುತ್ತದೆ, ಅದರ ಗುಣಗಳು ಒಂದೊಂದಾಗಿ ಹಿಂದೆ ಬರುತ್ತವೆ. ಕನ್ನಡದಲ್ಲಿ ವಿಶೇಷಣ ಯಾವಾಗಲೂ ಹೆಸರಿಗಿಂತ ಮುಂದೆ. ಹಾಗಾಗಿ ಇಂಗ್ಲಿಷ್ ವಾಕ್ಯವನ್ನು ಬಿಡಿಸದೆ ತಿರುಗಿಸಿದರೆ ಅಷ್ಟೂ ಗುಣಗಳು ಹೆಸರಿನ ಮುಂದೆ ಬಂದು ಒಟ್ಟುತ್ತವೆ, ‘ಹೊಂದಿರುವ’, ‘ಇರುವ’, ‘ಸಮನಾದ’ ಎಂದು ಸರಪಳಿ ಬೆಳೆಯುತ್ತದೆ. ಕೊನೆಗೆ ‘ಕರೆಯಲಾಗುತ್ತದೆ’. ಯಾರು ಕರೆಯುತ್ತಾರೆ? ‘ಎನ್ನುತ್ತಾರೆ’ ಎಂಬ ಮಾತು ನಮಗಿರುವಾಗ ಈ ಕರ್ಮಣಿಪ್ರಯೋಗ ಯಾಕೆ ಬೇಕು?

ಇಷ್ಟಕ್ಕೇ ಕನ್ನಡಕ್ಕೆ ವಿಜ್ಞಾನ ಒಗ್ಗುವುದಿಲ್ಲ ಎನ್ನುವವರಿದ್ದಾರೆ. ನನಗೆ ಕಾಣುವುದು ಬೇರೆ. ಇಂಥ ಸಂಬಂಧ ಹೇಳಲೆಂದೇ ಕನ್ನಡದಲ್ಲಿ ಒಂದು ಜೋಡಿ ಇದೆ: ಎಷ್ಟೋ ಅಷ್ಟು. ಅದನ್ನು ಬಳಸಿ ಬರೆದರೆ ಹೀಗಾಗುತ್ತದೆ. ಪರಮಾಣುಗಳಲ್ಲಿ ಹೈಡ್ರೋಜನ್ ಎಲ್ಲಕ್ಕಿಂತ ಹಗುರ. ಇಂಗಾಲದ ಪರಮಾಣು ಅದರ ಸುಮಾರು ಹನ್ನೆರಡು ಪಟ್ಟು ಭಾರ. ಹಾಗಾದರೆ ಒಂದು ಗ್ರಾಂ ಹೈಡ್ರೋಜನ್‌ನಲ್ಲಿ ಎಷ್ಟು ಪರಮಾಣು ಇವೆಯೋ, ಹನ್ನೆರಡು ಗ್ರಾಂ ಇಂಗಾಲದಲ್ಲೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಆ ‘ಅಷ್ಟು’ ಎನ್ನುವುದಕ್ಕೆ ಮೋಲ್ ಎನ್ನುತ್ತಾರೆ. ನಾಲ್ಕು ವಾಕ್ಯವಾಯಿತು ನಿಜ, ಆದರೆ ಯಾವುದಕ್ಕೂ ಉಸಿರು ಕಟ್ಟಬೇಕಿಲ್ಲ. ಸಂಖ್ಯೆ ಇನ್ನೂ ಬಂದಿಲ್ಲ, ಬರುವ ಅವಸರವೂ ಇಲ್ಲ.

ಈ ಲೆಕ್ಕದ ಹಿಂದಿರುವ ಯುಕ್ತಿ ಹೊಸದೇನಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ಯಾರೂ ಎಣಿಸಿ ಕೊಡುವುದಿಲ್ಲ, ತೂಗಿ ಕೊಡುತ್ತಾರೆ. ಎರಡಿಂಚಿನ ಮೊಳೆ ಕಿಲೋಕ್ಕೆ ಎಷ್ಟು ಬರುತ್ತವೆಂದು ಬಡಿಗೇರರಿಗೆ ಅಂದಾಜಿರುತ್ತದೆ. ಭತ್ತ ಬೆಳೆಯುವವರಿಗೆ ‘ಸಾವಿರ ಕಾಳಿನ ತೂಕ’ ಎಂಬ ಮಾತು ಗೊತ್ತು, ಕೃಷಿ ವಿಶ್ವವಿದ್ಯಾಲಯದವರೂ ತಳಿಯ ಗುಣ ಹೇಳುವಾಗ ಅದನ್ನು ಕೊಡುತ್ತಾರೆ. ಒಂದು ತಳಿಯಲ್ಲಿ ಅದು 15 ಗ್ರಾಂ ಎಂದಿಟ್ಟುಕೊಳ್ಳಿ. ಗಂಗಾವತಿ ಕಡೆ ಭತ್ತದ ವ್ಯಾಪಾರ ನಡೆಯುವುದು 75 ಕಿಲೋ ಚೀಲದ ಲೆಕ್ಕದಲ್ಲಿ. ಹಾಗಾದರೆ ಒಂದು ಚೀಲದಲ್ಲಿ 50 ಲಕ್ಷ ಕಾಳು. ಒಂದನ್ನೂ ಮುಟ್ಟದೆ ಎಣಿಸಿದಂತಾಯಿತು. ತಳಿ ದಪ್ಪಗಿದ್ದರೆ ಅದೇ 50 ಲಕ್ಷ ಕಾಳಿಗೆ ತೂಕ ಹೆಚ್ಚು ಬೇಕು. ಹೈಡ್ರೋಜನ್‌ಗೆ ಒಂದು ಗ್ರಾಂ, ಇಂಗಾಲಕ್ಕೆ 12, ಆಮ್ಲಜನಕಕ್ಕೆ 16 ಎನ್ನುವುದೂ ಇಷ್ಟೇ. ತಳಿ ಬೇರೆ, ಕಾಳಿನ ಎಣಿಕೆ ಒಂದೇ. ಕಾಳೆಲ್ಲ ಒಂದೇ ತೂಕ ಇರುವುದಿಲ್ಲವಲ್ಲ ಎಂದು ಮಗು ಕೇಳಿದರೆ ಇನ್ನೂ ಒಳ್ಳೆಯದು. ಕ್ಲೋರಿನ್ನಿನ ಪರಮಾಣುಗಳೂ ಎಲ್ಲ ಒಂದೇ ತೂಕದವಲ್ಲ. ಸುಮಾರು ಮುಕ್ಕಾಲು ಪಾಲು 35, ಕಾಲು ಪಾಲು 37. ಪುಸ್ತಕದಲ್ಲಿ ಬರುವ 35.5 ಅವುಗಳ ಸರಾಸರಿ.

ಸಂಖ್ಯೆಯ ಗಾತ್ರವನ್ನೂ ಇದೇ ಭತ್ತದಲ್ಲಿ ತೋರಿಸಬಹುದು. ಜಗತ್ತಿನಲ್ಲಿ ವರ್ಷಕ್ಕೆ ಬೆಳೆಯುವ ಭತ್ತ ಸುಮಾರು 80 ಕೋಟಿ ಟನ್. ಒಂದು ಮೋಲ್ ಕಾಳು ಕೂಡಿಹಾಕಬೇಕಾದರೆ ಆ ಲೆಕ್ಕದಲ್ಲಿ ಒಂದು ಕೋಟಿ ವರ್ಷಕ್ಕೂ ಹೆಚ್ಚು ಬೆಳೆಯಬೇಕು. ಒಂದು ಮೋಲ್ ನೀರು ಎಂದರೆ 18 ಗ್ರಾಂ. ಒಂದು ಗುಟುಕಿಗೆ ಮುಗಿಯುತ್ತದೆ. ಇವೆರಡನ್ನೂ ಅಕ್ಕಪಕ್ಕ ಇಟ್ಟರೆ ಸಂಖ್ಯೆ ದೊಡ್ಡದೆಂಬುದರ ಜೊತೆಗೆ ಅಣು ಎಷ್ಟು ಸಣ್ಣದೆಂಬುದೂ ಹೊಳೆಯುತ್ತದೆ. ಬರೀ ಹತ್ತರ ಘಾತ 23 ಅದನ್ನು ಹೇಳುವುದಿಲ್ಲ.

ಇನ್ನು ಹೆಸರಿನ ವಿಷಯ. ಒಂಬತ್ತನೆಯ ತರಗತಿಗೆ ನಾವು ಅನುವಾದಿಸಿಕೊಂಡ ಎನ್‌ಸಿಇಆರ್‌ಟಿ ಪುಸ್ತಕದ ಮೂಲದಲ್ಲಿ ಮೋಲ್ ಎಂಬ ಹೆಸರಿನ ಹುಟ್ಟನ್ನು ಹೇಳುವ ಒಂದು ಸಣ್ಣ ಟಿಪ್ಪಣಿ ಇತ್ತು. ಜರ್ಮನಿಯ ರಸಾಯನವಿಜ್ಞಾನಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ 1890ರ ದಶಕದಲ್ಲಿ ಆ ಪದವನ್ನು ಬಳಕೆಗೆ ತಂದ. ಅದರ ಮೂಲ ಲ್ಯಾಟಿನ್, ಅರ್ಥ ಗುಡ್ಡೆ. ಇಂಗ್ಲಿಷಿನಲ್ಲಿ ಓದುವ ಮಗುವಿಗೆ ಅದು ದೂರದ ಸುದ್ದಿ. ಕನ್ನಡದಲ್ಲಿ ಓದುವ ಮಗುವಿಗೆ ಮನೆಯ ಸುದ್ದಿ ಆಗಬಹುದಿತ್ತು. ಗುಡ್ಡೆ ಹಾಕಿದ ಕಾಳಿಗೆ ನಮ್ಮ ಕಡೆ ರಾಶಿ ಎನ್ನುತ್ತಾರೆ. ಸುಗ್ಗಿಯಲ್ಲಿ ತೆನೆ ತುಳಿಸಿ ತೂರುವುದಕ್ಕೆ ರಾಶಿ ಮಾಡುವುದು ಎಂದೇ ಹೆಸರು. ಅದನ್ನು ಮಾಡುವ ಜಾಗ ಕಣ. ಆ ಕೆಲಸಕ್ಕೆ ಹಂತಿಯ ಪದಗಳೆಂಬ ಹಾಡುಗಳಿದ್ದವು. ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎಂದು ಎಣಿಕೆ ಹಿಡಿಯುತ್ತಿದ್ದರು.

ಈಗ ಮೇಲಿನ ವ್ಯಾಖ್ಯೆಗೆ ಮತ್ತೊಮ್ಮೆ ಹೋಗಿ. ಅದರಲ್ಲಿ ರಾಶಿ ಮೂರು ಸಲ ಬಂದಿದೆ, ಕಣ ಒಂದು ಸಲ. ಪುಸ್ತಕದಲ್ಲಿ ರಾಶಿ ಎಂದರೆ ವಸ್ತುವಿನಲ್ಲಿರುವ ದ್ರವ್ಯದ ಮೊತ್ತ, ಕಣ ಎಂದರೆ ಕಣ್ಣಿಗೆ ಕಾಣದ ಸಣ್ಣ ಚೂರು. ಎರಡೂ ಸರಿಯಾದ ಪಾರಿಭಾಷಿಕಗಳೇ. ಆದರೆ ಮನೆಯಲ್ಲಿ ಈ ಎರಡೂ ಮಾತನ್ನು ಬೇರೆ ಅರ್ಥದಲ್ಲಿ ಕೇಳಿ ಬೆಳೆದ ಮಗು ಎದುರಿಗೆ ಕೂತಿದೆ. ಆ ಅರ್ಥ ಹೊಸ ಅರ್ಥಕ್ಕೆ ಅಷ್ಟೇನೂ ದೂರವಿಲ್ಲ. ಪುಸ್ತಕ ಅವೆರಡನ್ನೂ ಎದುರುಬದುರು ಕೂರಿಸಿ ಒಮ್ಮೆಯೂ ಮಾತಾಡಿಸುವುದಿಲ್ಲ. ಓಸ್ಟ್‌ವಾಲ್ಡ್ ಅದೇ ಕೆಲಸ ಮಾಡಿದ್ದ: ಹಳೆಯ ಗುಡ್ಡೆಯ ಮಾತನ್ನು ಹೊಸ ಲೆಕ್ಕಕ್ಕೆ ತಂದ. ತಮಾಷೆಯೆಂದರೆ ಆಗ ಅವನಿಗೆ ಪರಮಾಣುಗಳು ನಿಜವಾಗಿ ಇವೆ ಎಂಬ ನಂಬಿಕೆಯೇ ಇರಲಿಲ್ಲ. ಅವನ ಮೋಲ್ ತೂಕದ ಗುಡ್ಡೆ. ಜೀನ್ ಪೆರಿನ್ ಪ್ರಯೋಗಗಳಿಂದ ಎಣಿಕೆ ಸಿಕ್ಕಿ, 1909ರಲ್ಲಿ ಆತ ಅದಕ್ಕೆ ಅವೊಗಾಡ್ರೊನ ಹೆಸರಿಟ್ಟ ಹೊತ್ತಿಗೆ ಓಸ್ಟ್‌ವಾಲ್ಡ್ ಕೂಡ ಪರಮಾಣುವನ್ನು ಒಪ್ಪಿದ್ದ. 1971ರಲ್ಲಿ ಮೋಲ್ ಅಂತರರಾಷ್ಟ್ರೀಯ ಮೂಲಮಾನಗಳ ಸಾಲಿಗೆ ಸೇರಿದಾಗಲೂ 12 ಗ್ರಾಂ ಇಂಗಾಲ-12 ಎಂಬ ತೂಕವೇ ಅದಕ್ಕೆ ಆಧಾರವಾಗಿತ್ತು. 2019ರ ಮೇ 20ರಿಂದ ಆ ಆಧಾರ ಹೋಯಿತು. ಈಗ ಮೋಲ್ ಎಂದರೆ ನೇರವಾಗಿ ಎಣಿಕೆ, 6.02214076 ಗುಣಿಲೆ ಹತ್ತರ ಘಾತ 23. ತೂಕದಿಂದ ಎಣಿಕೆಗೆ ಬರಲು ವಿಜ್ಞಾನಕ್ಕೇ ನೂರಿಪ್ಪತ್ತು ವರ್ಷ ಹಿಡಿದಿದೆ. ಒಂಬತ್ತನೆಯ ತರಗತಿಯ ಮಗುವಿಗೆ ನಾವು ಒಂದು ಪೀರಿಯಡ್ ಕೊಡುತ್ತೇವೆ.

ಮೋಲ್ ಬದಲು ರಾಶಿ ಎಂದು ಹೆಸರಿಡೋಣ ಎಂದು ನಾನು ಹೇಳುತ್ತಿಲ್ಲ. ಆ ಪದ ಆಗಲೇ ಬೇರೆ ಕೆಲಸಕ್ಕೆ ಸೇರಿದೆ, ಈಗ ಎಬ್ಬಿಸಿದರೆ ಇರುವ ಗೊಂದಲ ಹೆಚ್ಚಾಗುತ್ತದೆ. ಮೋಲ್ ಮೋಲ್ ಆಗಿಯೇ ಇರಲಿ, ಮಕ್ಕಳು ಅದನ್ನು ಮೊಲ ಎಂದು ನಗುವುದೂ ಇರಲಿ. ವಿಜ್ಞಾನ ಗದ್ಯದ ಚರ್ಚೆ ನಮ್ಮಲ್ಲಿ ಯಾವಾಗಲೂ ಪದ ಟಂಕಿಸುವುದರಲ್ಲಿ ಮುಗಿದುಹೋಗುತ್ತದೆ: ಸಂಸ್ಕೃತದ್ದೋ, ಅಚ್ಚಗನ್ನಡದ್ದೋ, ಇಂಗ್ಲಿಷಿನದೋ. ನನ್ನ ತಕರಾರು ಪದದ ಮೇಲಲ್ಲ, ವಾಕ್ಯದ ಮೇಲೆ, ಉದಾಹರಣೆಯ ಮೇಲೆ. ರಾಜಾದಿತ್ಯ ಹನ್ನೆರಡನೆಯ ಶತಮಾನದಲ್ಲಿ ‘ವ್ಯವಹಾರಗಣಿತ’ ಬರೆದಾಗ ತ್ರೈರಾಶಿ, ಪಂಚರಾಶಿ ಎಂಬ ಸಂಸ್ಕೃತ ಹೆಸರುಗಳನ್ನೇ ಉಳಿಸಿಕೊಂಡ. ಆದರೆ ಸೂತ್ರವನ್ನು ಪದ್ಯದಲ್ಲಿ ಹೇಳಿ, ಗದ್ಯದಲ್ಲಿ ಬಿಡಿಸಿ, ಉದಾಹರಣೆ ಕೊಟ್ಟು ಮುಂದಕ್ಕೆ ಹೋಗುವ ಕ್ರಮ ಇಟ್ಟುಕೊಂಡ. ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು ಎನ್ನುವುದೇ ತ್ರೈರಾಶಿ. ಸಮೀಕರಣದ ಮೇಲಿನ ಲೆಕ್ಕಗಳೆಲ್ಲ ಅದೇ. ಜೊತೆಗೆ ರಸಾಯನಶಾಸ್ತ್ರ ಸೇರಿಸುವುದು ಒಂದೇ ಮಾತು: ‘ಇಷ್ಟಕ್ಕೆ ಇಷ್ಟು’ ಎಂಬುದನ್ನು ತೂಕದಲ್ಲಿ ನೋಡಬೇಡ, ಎಣಿಕೆಯಲ್ಲಿ ನೋಡು.

ಎಣಿಕೆಯೇ ಯಾಕೆ? ಒಂದು ಬಂಡಿಗೆ ಎರಡು ಎತ್ತು ಬೇಕು. ಎತ್ತಿನ ತೂಕ ಎಷ್ಟು, ಬಂಡಿಯ ತೂಕ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಐದು ಎತ್ತು, ಮೂರು ಬಂಡಿ ಇದ್ದರೆ ಹೊರಡುವುದು ಎರಡೇ ಬಂಡಿ. ಒಂದು ಎತ್ತು ಉಳಿಯುತ್ತದೆ, ಒಂದು ಬಂಡಿಯೂ ಉಳಿಯುತ್ತದೆ. ನೀರಿನ ಅಣುವಿನಲ್ಲಿ ಹೈಡ್ರೋಜನ್ ಎರಡು, ಆಮ್ಲಜನಕ ಒಂದು. ತೂಕದಲ್ಲಿ ನೋಡಿದರೆ ಅದು ಒಂದಕ್ಕೆ ಎಂಟು, ಎರಡಕ್ಕೆ ಒಂದು ಎಂಬ ಸರಳ ಸಂಬಂಧ ಕಾಣುವುದೇ ಇಲ್ಲ. ತಕ್ಕಡಿಗೆ ಗೊತ್ತಿರುವುದು ಗ್ರಾಂ, ಪರಮಾಣುವಿಗೆ ಗೊತ್ತಿರುವುದು ಜೋಡಿ. ಎರಡರ ನಡುವೆ ದುಭಾಷಿಯಾಗಿ ನಿಂತಿರುವುದು ಮೋಲ್.

ಅದೇ ಪುಸ್ತಕದಲ್ಲಿ ಮೋಲ್ ಲೆಕ್ಕಕ್ಕೆ ಬಂದಿದ್ದ ಉದಾಹರಣೆಗಳು 52 ಗ್ರಾಂ ಹೀಲಿಯಂ, 46 ಗ್ರಾಂ ಸೋಡಿಯಂ. ಲೆಕ್ಕ ಸರಿಯಾಗಿಯೇ ಇದೆ. ಹೀಲಿಯಂ ಯಾರೂ ತೂಗಿ ಕೊಂಡಿಲ್ಲ, ಸೋಡಿಯಮ್ಮನ್ನು ಬರಿಗೈಲಿ ಮುಟ್ಟುವಂತಿಲ್ಲ. ಈ ಉದಾಹರಣೆಗಳು ಯಾವ ಊರಿನವೂ ಅಲ್ಲ. ಹಾಗೆಂದು ಕಣ, ಬಂಡಿಗಳನ್ನೇ ಹಿಡಿದುಕೊಂಡು ಕೂರುವಂತೆಯೂ ಇಲ್ಲ. ನಮ್ಮೂರಲ್ಲೇ ಈಗ ಕಣ ಇಲ್ಲ, ಸಜ್ಜೆಯನ್ನು ಟಾರು ರಸ್ತೆಯ ಮೇಲೆ ಹಾಸುತ್ತಾರೆ, ಹೋಗಿಬರುವ ಗಾಡಿಗಳು ತುಳಿಯುತ್ತವೆ. ಗಂಗಾವತಿಯ ಗದ್ದೆಗಳಿಗೆ ಕಟಾವು ಯಂತ್ರ ಬರುತ್ತದೆ. ಅಣ್ಣನ ಮಗಳಿಗೆ ಕಣವೂ ನಾನು ಹೇಳಿ ತಿಳಿಸಬೇಕಾದ ಪದವೇ. ಆದರೆ ಯೂರಿಯಾ ಚೀಲ ಅವಳ ಮನೆಯ ಪಡಸಾಲೆಯಲ್ಲಿದೆ.

ಅದೇ ಚೀಲವನ್ನು ತೆಗೆದುಕೊಳ್ಳಿ. ಅದರ ಮೇಲೆ ಸಾರಜನಕ ಶೇಕಡಾ 46 ಎಂದು ಅಚ್ಚಾಗಿರುತ್ತದೆ. ಆ 46 ಎಲ್ಲಿಂದ ಬಂತು? ಯೂರಿಯಾದ ಒಂದು ಅಣುವಿನಲ್ಲಿ ಇಂಗಾಲ ಒಂದು, ಆಮ್ಲಜನಕ ಒಂದು, ಸಾರಜನಕ ಎರಡು, ಹೈಡ್ರೋಜನ್ ನಾಲ್ಕು. 12, 16, 28, 4, ಕೂಡಿದರೆ 60. ಅರವತ್ತು ಗ್ರಾಂ ಯೂರಿಯಾದಲ್ಲಿ 28 ಗ್ರಾಂ ಸಾರಜನಕ, ಎಂದರೆ ನೂರಕ್ಕೆ 46ರ ಮೇಲೆ ಚೂರು. 45 ಕಿಲೋ ಚೀಲದಲ್ಲಿ ಬೆಳೆಗೆ ಸಿಗುವ ಸಾರಜನಕ 20 ಕಿಲೋ 700 ಗ್ರಾಂ, ಉಳಿದದ್ದು ಅದನ್ನು ಹೊತ್ತು ತಂದ ಅಣುವಿನ ಮಿಕ್ಕ ಭಾಗ. ಕೃಷಿ ಇಲಾಖೆಯ ಶಿಫಾರಸು ಇರುವುದು ಸಾರಜನಕದ ಕಿಲೋ ಲೆಕ್ಕದಲ್ಲಿ, ಅಂಗಡಿಯಲ್ಲಿ ಸಿಗುವುದು ಚೀಲದ ಲೆಕ್ಕದಲ್ಲಿ. ನಡುವಿನ ತ್ರೈರಾಶಿ ಮಾಡಲಾಗದ ಮನೆಯಲ್ಲಿ ಒಂದು ಚೀಲ ಹೆಚ್ಚು ಬೀಳುತ್ತದೆ.

ಯೂರಿಯಾ ಒಂದು ಮನೆಯ ಲೆಕ್ಕ. ಊರಿನ ಲೆಕ್ಕ ಬೇಕಿದ್ದರೆ ಕೊಪ್ಪಳದಿಂದ ಗಿಣಿಗೇರಿ ಕಡೆ ಹೋಗಬೇಕು. ಅಲ್ಲಿ ಕಬ್ಬಿಣದ ಅದಿರು ಕರಗಿಸುವ ಕುಲುಮೆಗಳಿವೆ. ಅದಿರಿನ ಒಂದು ಘಟಕದಲ್ಲಿ ಕಬ್ಬಿಣ ಎರಡು, ಆಮ್ಲಜನಕ ಮೂರು. ಆ ಮೂರನ್ನು ಕಿತ್ತುಕೊಳ್ಳಲು ಮೂರು ಕಾರ್ಬನ್ ಮಾನಾಕ್ಸೈಡ್ ಅಣು ಬೇಕು, ಕೊನೆಗೆ ಅವು ಮೂರು ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬೀಳುತ್ತವೆ. ತೂಕಕ್ಕೆ ತಿರುಗಿಸಿದರೆ 112 ಗ್ರಾಂ ಕಬ್ಬಿಣಕ್ಕೆ 132 ಗ್ರಾಂ ಅನಿಲ. ಒಂದು ಟನ್ ಕಬ್ಬಿಣ ಇಳಿದರೆ 1,180 ಕಿಲೋದಷ್ಟು ಕಾರ್ಬನ್ ಡೈಆಕ್ಸೈಡ್ ಆಕಾಶಕ್ಕೆ ಏರುತ್ತದೆ. ಇದು ಸಮೀಕರಣ ಒಂದೇ ಹೇಳುವ ಮೊತ್ತ, ಕುಲುಮೆ ಕಾಯಿಸುವುದನ್ನೂ ಸೇರಿಸಿದರೆ ಇನ್ನೂ ಹೆಚ್ಚು. 2025ರ ಫೆಬ್ರುವರಿಯಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಕೊಪ್ಪಳ ಬಂದ್ ನಡೆಯಿತು. ಕಾರ್ಖಾನೆ ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಅವರವರ ಕಾರಣಗಳಿವೆ. ಆದರೆ ಎಷ್ಟು ಕಬ್ಬಿಣಕ್ಕೆ ಎಷ್ಟು ಅದಿರು, ಎಷ್ಟು ಹೊಗೆ ಎಂಬ ಪ್ರಶ್ನೆಯನ್ನು ಊರಿನವರೇ ಊರಿನ ಮಾತಿನಲ್ಲಿ ಕೇಳಿ, ಬಂದ ಉತ್ತರವನ್ನು ತಾವೇ ತಾಳೆ ನೋಡಬೇಕಾದರೆ ಈ ಲೆಕ್ಕ ಬೇಕು. ಅದು ಕನ್ನಡದಲ್ಲಿ ಇಲ್ಲದಿದ್ದರೆ ಎರಡು ಕಡೆಯೂ ಬೇರೆಯವರು ಕೊಟ್ಟ ಅಂಕಿಯನ್ನು ನಂಬಿಕೊಂಡು ಜಗಳ ಮಾಡುವುದಾಗುತ್ತದೆ.

ಆ ಲೆಕ್ಕ ಕನ್ನಡದಲ್ಲಿ ಉಳಿಯುತ್ತದೆಯೇ ಎಂಬುದೇ ಈಗ ಅನುಮಾನ. 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸುವಾಗ ಒಂಬತ್ತನೆಯ ತರಗತಿಯ ಪುಸ್ತಕದಿಂದ ಮೋಲ್ ಭಾಗವನ್ನು ತೆಗೆಯಿತು. ಮಕ್ಕಳಿಗೆ ಕಷ್ಟ, ಮುಂದೆ ಹನ್ನೊಂದರಲ್ಲಿ ಹೇಗೂ ಬರುತ್ತದೆ ಎಂಬ ಸಮಾಧಾನ ದೆಹಲಿಯಲ್ಲಿ ಕೂತವರಿಗೆ ಸರಿಯೇ ಇರಬಹುದು. ನಮ್ಮಲ್ಲಿ ಹನ್ನೊಂದು ಎಂದರೆ ಪಿಯುಸಿ, ಪಿಯುಸಿ ವಿಜ್ಞಾನ ಎಂದರೆ ಇಂಗ್ಲಿಷ್. ಮೂಲದಲ್ಲಿ ಹೋದದ್ದು ಅನುವಾದದಲ್ಲಿ ಎಷ್ಟು ದಿನ ಉಳಿದೀತು? ಒಂಬತ್ತರಲ್ಲಿ ಮೋಲ್ ಇಲ್ಲದೆ ಹೋದರೆ ಕನ್ನಡ ಮಾಧ್ಯಮದ ಮಗು ಆ ಮಾತನ್ನು ಕನ್ನಡ ವಾಕ್ಯವೊಂದರ ಒಳಗೆ ಎಲ್ಲಿಯೂ ಭೇಟಿಯಾಗುವುದಿಲ್ಲ. ನಾನು ಟೀಕಿಸುತ್ತಿರುವ ಕೆಟ್ಟ ವ್ಯಾಖ್ಯೆಯೂ ಅವಳಿಗೆ ಸಿಗುವುದಿಲ್ಲ. ಕೆಟ್ಟ ವಾಕ್ಯವನ್ನು ತಿದ್ದಬಹುದು, ಇಲ್ಲದ ವಾಕ್ಯಕ್ಕೆ ಏನು ಮಾಡುವುದು?

ಇದು ನನಗೆ ಓದಿ ಗೊತ್ತಾದದ್ದಲ್ಲ. ಪಿಯುಸಿಯಲ್ಲಿ ನಾನೂ ವಿಜ್ಞಾನವನ್ನೇ ತೆಗೆದುಕೊಂಡಿದ್ದೆ. ಮೊದಲ ಅಧ್ಯಾಯದಲ್ಲೇ ಮೋಲ್ ಬಂತು. ಲೆಕ್ಕ ಬರುತ್ತಿತ್ತು, ಪ್ರಶ್ನೆ ಅರ್ಥವಾಗುತ್ತಿರಲಿಲ್ಲ. ಎರಡು ವರ್ಷ ಹೇಗೋ ತಳ್ಳಿ ಬಿಎಗೆ ಬಂದೆ, ಅಲ್ಲಿಂದ ಕನ್ನಡ ಎಂಎಗೆ. ಇದರಲ್ಲಿ ನನಗೆ ನಷ್ಟವಾಗಿಲ್ಲ. ಆದರೆ ಕನ್ನಡವನ್ನು ಆಯ್ದುಕೊಂಡೆ ಎಂದು ಹೇಳಿಕೊಳ್ಳುವಾಗ, ಅದು ಅರ್ಧ ಆಯ್ಕೆ, ಅರ್ಧ ವಾಪಸಾತಿ ಎಂಬುದು ನನಗೆ ಗೊತ್ತಿರುತ್ತದೆ.

ಪಿಯುಸಿಗೆ ಇಂಗ್ಲಿಷ್ ಬೇಕೇ ಬೇಕು, ಮೊದಲಿನಿಂದಲೇ ರೂಢಿಯಾಗಲಿ ಎನ್ನುವ ಶಿಕ್ಷಕರ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಅವರು ಮಕ್ಕಳ ಹಿತಕ್ಕೇ ಹೇಳುತ್ತಾರೆ. ಆದರೆ ಇದೇ ಏಕೈಕ ದಾರಿ ಎಂಬುದು ಸುಳ್ಳು. ಕೊಪ್ಪಳ ನಿಜಾಮರ ರಾಜ್ಯದಲ್ಲಿದ್ದ ಕಾಲದಲ್ಲಿ, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಕಾಲೇಜು ಮಟ್ಟದ ವಿಜ್ಞಾನವನ್ನು ಉರ್ದುವಿನಲ್ಲಿ ಕಲಿಸುತ್ತಿತ್ತು. ಅದಕ್ಕೆಂದೇ ಅನುವಾದದ ಕಚೇರಿ ಕೆಲಸ ಮಾಡುತ್ತಿತ್ತು. ಕನ್ನಡದ ಮಗುವಿಗೆ ಉರ್ದುವೂ ಪರಭಾಷೆಯೇ, ಆ ಕಾಲದ ಕಷ್ಟ ಬೇರೆ. ಆದರೂ ನಮ್ಮ ನಾಡಿನ ಭಾಷೆಯೊಂದರಲ್ಲಿ ಕಾಲೇಜಿನ ರಸಾಯನಶಾಸ್ತ್ರ ನಡೆದದ್ದು ನಮ್ಮ ಪ್ರದೇಶದ ಚರಿತ್ರೆಯಲ್ಲೇ ಇದೆ. ಅದೇ 1918ರಲ್ಲಿ ಬೆಂಗಳೂರಿನಿಂದ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ‘ವಿಜ್ಞಾನ’ ಎಂಬ ಕನ್ನಡ ಪತ್ರಿಕೆ ತಂದರು. 1936ರಲ್ಲಿ ಶಿವರಾಮ ಕಾರಂತರ ‘ಬಾಲ ಪ್ರಪಂಚ’ ಬಂತು. ರಸಾಯನಶಾಸ್ತ್ರದ ಮೇಷ್ಟರಾಗಿದ್ದ ಜೆ.ಆರ್. ಲಕ್ಷ್ಮಣರಾವ್ ‘ಪರಮಾಣು ಚರಿತ್ರೆ’ ಬರೆದರು, ‘ಬಾಲವಿಜ್ಞಾನ’ದ ಸಂಪಾದಕರಾಗಿ ದುಡಿದರು. ‘ಚರಿತ್ರೆ’ ಎಂಬ ಹೆಸರಿನಲ್ಲೇ ಒಂದು ವಿವೇಕವಿದೆ: ಪರಮಾಣು ವ್ಯಾಖ್ಯೆಯಿಂದ ಹುಟ್ಟಿದ್ದಲ್ಲ, ಅನುಮಾನ, ಜಗಳ, ಪ್ರಯೋಗಗಳಿಂದ ಹುಟ್ಟಿದ್ದು. ಇಷ್ಟು ಗದ್ಯ ನಮ್ಮ ಬೆನ್ನಿಗಿದ್ದೂ ಪಠ್ಯಪುಸ್ತಕ ಬರೆಯುವಾಗ ನಾವು ಇಂಗ್ಲಿಷ್ ವಾಕ್ಯವನ್ನು ಎದುರಿಗಿಟ್ಟುಕೊಂಡು ಪದಕ್ಕೆ ಪದ ಇಡುತ್ತೇವೆ. ಅನುವಾದಕರ ಮೇಲೆ ಮಾತ್ರ ಹೊರಿಸುವ ತಪ್ಪಲ್ಲ ಇದು. ಪಠ್ಯದ ಕನ್ನಡವನ್ನೂ ಸಾಹಿತ್ಯದ ಕನ್ನಡದಷ್ಟೇ ಕಾಳಜಿಯಿಂದ ಓದದ ನಮ್ಮಂಥ ವಿಮರ್ಶಕರಿಗೂ ಇದರಲ್ಲಿ ಪಾಲಿದೆ. ತಿರುಳ್ಗನ್ನಡದ ನೆಲೆಗಳನ್ನು ಹೇಳುವಾಗ ‘ಕವಿರಾಜಮಾರ್ಗ’ ಕೊಪಣವನ್ನು ಹೆಸರಿಸಿದೆಯೆಂದು ಪ್ರತಿ ಭಾಷಣದಲ್ಲಿ ಹೆಮ್ಮೆಪಡುತ್ತೇವೆ. ಆ ಕೊಪಣದ ಮಗು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಳೆದ ವಾರ ಊರಿಗೆ ಹೋಗಿದ್ದೆ. ಯೂರಿಯಾ ಚೀಲ ತೋರಿಸಿ ಆ 46 ಎಲ್ಲಿಂದ ಬಂತು ನೋಡು ಎಂದೆ. ಅರ್ಧ ತಾಸು ಹಿಡಿಯಿತು. ನಡುವೆ ಎರಡು ಸಲ ಕನ್ನಡದಲ್ಲಿ, ಒಂದು ಸಲ ಇಂಗ್ಲಿಷಿನಲ್ಲಿ ತಪ್ಪಿದಳು. 28ನ್ನು 60ರಿಂದ ಭಾಗಿಸಿ ಮುಗಿಸಿದ ಮೇಲೆ ಅವಳು ನನ್ನನ್ನು ನೋಡಲಿಲ್ಲ, ಚೀಲದ ಮೇಲಿನ ಅಚ್ಚನ್ನು ನೋಡಿದಳು. ಆಮೇಲೆ ಮೂಲೆಯಲ್ಲಿದ್ದ ಡಿಎಪಿ ಚೀಲ ಎಳೆದುಕೊಂಡು, “ಇದರ ಮ್ಯಾಲ 18, 46 ಅಂತ ಎರಡು ಐತಿ, ಯಾಕ?” ಅಂದಳು. ಅದರ ಲೆಕ್ಕ ನನಗೆ ಆಗ ನೆನಪಿರಲಿಲ್ಲ. ಇಬ್ಬರೂ ಕೂತು ಹುಡುಕಿದೆವು.